ಸಾಕು

ನವೆಂಬರ್ ಇಪ್ಪತ್ತೆರಡಕ್ಕೆ ಹಾಮರ್‌ಫೆಸ್ಟಿನಲ್ಲಿ
ಸೂರ್ಯ ಬಾಗಿಲು ಎಳೆದುಕೊಂಡು ಹೋದ.
ಆಮೇಲೆ ನಾನು ಕಪ್ಪಗಾಗತೊಡಗಿದೆ.

ಮೊದಲು ಅಂಗೈಯ ಗೆರೆಗಳು,
ಯಾರೋ ಪೆನ್ನಿನಿಂದ ತಿದ್ದಿ ತಿದ್ದಿ ಬರೆದ ಹಾಗೆ.
ಆಮೇಲೆ ಬೆರಳ ಗೆಣ್ಣು, ಮೊಣಕೈ, ಒಸಡು,
ಹಳೆಯ ಹೊಲಿಗೆಯ ಗುರುತು.
ಡಿಪೋದಲ್ಲಿ ಆಸ್ಲಾಕ್ ಕೇಳಿದ:
"ಸುನ್ನೀವಾ, ನಮಗೂ ಹೇಳದೆ ಸ್ಪೇನಿಗೆ ಹೋಗಿದ್ದೆಯಾ?"
ನಕ್ಕೆ.
ನನ್ನ ಹೆಸರಿಗೆ ಸೂರ್ಯನ ಕಾಣಿಕೆ ಎಂದು ಅರ್ಥ.
ಹಿಮ ಗೋರುವ ಲಾರಿಯಲ್ಲಿ, ರಾತ್ರಿಯಂಥ ಹಗಲಲ್ಲಿ
ಎಂಥ ಕಾಣಿಕೆ, ಎಲ್ಲಿಯ ಸೂರ್ಯ.

ಉಪ್ಪು ಬೇಕಿತ್ತು. ಬರೀ ಉಪ್ಪು.
ಉಪ್ಪಿನಲ್ಲಿ ಒಣಗಿಸಿದ ಕಾಡ್ ಮೀನನ್ನು
ನೆನೆಸದೆ, ಬೇಯಿಸದೆ,
ಮಗು ಬೆರಳು ಚೀಪಿದಂತೆ ಚೀಪುತ್ತ ಸ್ಟಿಯರಿಂಗ್ ಹಿಡಿದೆ.
ಆಲಿವ್ ಮುಗಿದ ಬಾಟಲಿಯ ನೀರನ್ನು
ಫ್ರಿಜ್ಜಿನ ಬೆಳಕಿನಲ್ಲಿ ನಿಂತೇ ಕುಡಿದೆ.
ಪ್ಯಾಂಟು ಸೊಂಟದಿಂದ ಜಾರುತ್ತಿತ್ತು.
ಕುರ್ಚಿ ಬಿಟ್ಟು ಎದ್ದರೆ ಊರೇ ಒಮ್ಮೆ
ಕಣ್ಣು ಮುಚ್ಚಿ ತೆರೆಯುತ್ತಿತ್ತು.

ಡಾಕ್ಟರ್ ತೋರ್ಗೈರ್ ರಕ್ತದ ವರದಿಯ ಬೆನ್ನಿಗೆ ಚಿತ್ರ ಬರೆದ:
ಕಣ್ಣುಗಳ ಹಿಂದೆ, ಮೆದುಳಿನ ತಳದಲ್ಲಿ,
ಬಾದಾಮಿಯಷ್ಟು ಒಬ್ಬ ಯಜಮಾನ.
ಅವನ ಕೆಳಗೆ ಬಟಾಣಿಯಷ್ಟು ಗುಮಾಸ್ತ, ಪಿಟ್ಯುಟರಿ.
ಬಹುದೂರದಲ್ಲಿ, ಮೂತ್ರಪಿಂಡಗಳ ನೆತ್ತಿಯ ಮೇಲೆ
ಓರೆಯಾಗಿ ಕೂತ ಎರಡು ಕುಲಾವಿ, ಅಡ್ರಿನಲ್.

"ರಸ್ತೆ ಜಾರಿತು, ಬ್ರೇಕ್ ಹಿಡಿಯಲಿಲ್ಲ ಅನ್ನು.
ಯಜಮಾನ ಪಿಸುಗುಡುತ್ತಾನೆ.
ಗುಮಾಸ್ತ ಚೀಟಿ ಬರೆದು ರಕ್ತದ ಕೈಗೆ ಕೊಡುತ್ತಾನೆ.
ಕುಲಾವಿಗಳು ಕಾರ್ಟಿಸೋಲ್ ಕಳಿಸುತ್ತವೆ:
ಸಕ್ಕರೆ ಬಿಚ್ಚು, ನಾಳ ಬಿಗಿ ಹಿಡಿ, ಎದ್ದು ನಿಲ್ಲು.
ಅದೇ ಕಾರ್ಟಿಸೋಲ್ ಆಮೇಲೆ ತಲೆಗೇರಿ
ಯಜಮಾನನ ಬಾಗಿಲು ತಟ್ಟುತ್ತದೆ. ಸಾಕು, ಅನ್ನುತ್ತದೆ.
ಕೇಳಿದ್ದು ಬಂತು, ಇನ್ನು ಸುಮ್ಮನಿರು."

"ನನ್ನಲ್ಲಿ?"

ಪೆನ್ನು ಕುಲಾವಿಗಳ ಮೇಲೆ ಗೀಟೆಳೆಯಿತು.
ನನ್ನದೇ ಕಾವಲಿನವರು, ಯಾರೋ ಕಳ್ಳರೆಂದು ತಿಳಿದು,
ಅವನ್ನು ತಿಂದು ಹಾಕಿದ್ದರು.
ಸಾಕು ಅನ್ನುವವರಿಲ್ಲ.
ಗುಮಾಸ್ತ ಬರೆಯುತ್ತಲೇ ಇದ್ದ,
ಚೀಟಿಯ ಮೇಲೆ ಚೀಟಿ, ಜರೂರು, ಜರೂರು,
ಓದುವವರಿಲ್ಲದ ಶಾಯಿ ತುಂಬಿ ತುಳುಕಿ
ಚರ್ಮಕ್ಕಿಳಿಯಿತು.
ಸ್ಪೇನಲ್ಲ ಆಸ್ಲಾಕ್, ಶಾಯಿ.

ಈಗ ಯಜಮಾನಿಕೆ ನನ್ನದು.
ಬೆಳಗಿನ ಐದಕ್ಕೆ, ಬೆಳಗಾಗದಿದ್ದರೂ, ಒಂದು ಮಾತ್ರೆ.
ಮಧ್ಯಾಹ್ನ ಅರ್ಧ. ಸಂಜೆಗೆ ಚೂರು.
ಜ್ವರ ಬಂದರೆ ದುಪ್ಪಟ್ಟು.
ಹಲ್ಲು ಕೀಳಿಸಿದರೆ ಇಷ್ಟು ಎಂದು ಕಾಗದದಲ್ಲಿದೆ.
ಅಪ್ಪ ಸತ್ತರೆ ಎಷ್ಟು?
ಫೋನ್ ಬಂದ ರಾತ್ರಿ ಅಡುಗೆಮನೆಯಲ್ಲಿ
ಬ್ಲೇಡಿನಿಂದ ಮಾತ್ರೆ ಸೀಳುತ್ತ
ದುಃಖವನ್ನು ಮಿಲಿಗ್ರಾಮಿನಲ್ಲಿ ತೂಗಿದೆ.
ಐದು, ಅಂದುಕೊಂಡೆ.
ಕಡಿಮೆಯಾಯಿತು.
ಮರುದಿನವೆಲ್ಲ ವಾಂತಿ.
ಚರ್ಚಿನ ಮೆಟ್ಟಿಲ ಮೇಲೆ ಮೊಣಕಾಲು ಮಡಚಿದಾಗ
ಆಸ್ಲಾಕ್ ಹಲ್ಲಿನಿಂದ ಗ್ಲೌಸ್ ಎಳೆದು
ನನ್ನ ಚೀಲದ ಸೂಜಿಯನ್ನು ಕರಿ ಪ್ಯಾಂಟಿನ ಮೇಲಿಂದಲೇ
ತೊಡೆಗೆ ಚುಚ್ಚಿದ.
"ಹಿಮಸಾರಂಗಗಳಿಗೆ ಚುಚ್ಚಿ ಅಭ್ಯಾಸ," ಅಂದ ಆಂಬುಲೆನ್ಸಿನಲ್ಲಿ.
"ಅವು ನಿನಗಿಂತ ಹೆಚ್ಚು ಒದೆಯುತ್ತವೆ."

ಹಾಗಾದರೆ ನಲವತ್ತೊಂದು ವರ್ಷ
ನನ್ನನ್ನು ಕೇಳದೆ ಅಳೆದು ಹಾಕಿದವರು ಯಾರು?
ಜಗಳಕ್ಕಿಷ್ಟು, ಹೆರಿಗೆಗಿಷ್ಟು,
ಬಿರುಗಾಳಿಯಲ್ಲಿ ಸೇತುವೆ ದಾಟಿದ್ದಕ್ಕಿಷ್ಟು.
ನಾನಿನ್ನೂ ಗೊರಕೆ ಹೊಡೆಯುವಾಗ ಮೂರಕ್ಕೇ ಎದ್ದು
ನನ್ನ ಬೆಳಗಿಗೆ ಒಲೆ ಹೊತ್ತಿಸಿದವರು?
ಲೆಕ್ಕ ತೋರಿಸಲಿಲ್ಲ, ಕೂಲಿ ಕೇಳಲಿಲ್ಲ.
ಸಾಕು ಅಂದವರೇ
ನನ್ನನ್ನು ಸಾಕಿದವರು.

ಮುಂದಿನ ಜನವರಿ. ಗುಡ್ಡದ ಮೇಲೆ ಶಾಲೆಯ ಮಕ್ಕಳು
ಜಾಮ್ ತುಂಬಿದ ಬನ್ನು ತಿನ್ನುತ್ತ ಸೂರ್ಯನಿಗೆ ಕಾದಿವೆ.
ಸಮುದ್ರದ ಅಂಚಿಗೆ ಕಿತ್ತಳೆಯ ಒಂದು ಗೀರು.
ಲಾರಿ ನಿಲ್ಲಿಸಿ, ಗ್ಲೌಸ್ ತೆಗೆದು, ಅಂಗೈ ನೋಡಿಕೊಂಡೆ.
ಗೆರೆಗಳು ತೆಳುವಾಗಿವೆ.
ಗುಮಾಸ್ತ ಪೆನ್ನು ಕೆಳಗಿಟ್ಟಿರಬೇಕು.

"ಬಿಳಿಚಿಕೊಂಡಿದ್ದೀಯಲ್ಲೇ," ಅಂದ ಆಸ್ಲಾಕ್,
"ಸ್ವಲ್ಪ ಈ ಕಡೆ ಬಾ, ಬಿಸಿಲಿದೆ."