ಒರೆ, ಓರೆ

ಮಡಿಚುವುದಾದರೆ ಅದು ಕತ್ತಿಯಲ್ಲ, ಕೊಡೆ
ಎನ್ನುತ್ತಿದ್ದ ಅಪ್ಪ.
ಅಮ್ಮತ್ತಿಯ ಇದೇ ಕುಲುಮೆಯಲ್ಲಿ
ಪೀಚೆಕತ್ತಿ ಬಡಿದವನು, ಒಡಿಕತ್ತಿ ಬಡಿದವನು,
ಮಡಿಚುವ ಮಾತು ಬಂದರೆ
ಎಲೆಯಡಿಕೆ ಉಗಿದು ಎದ್ದು ಹೋಗುವವನು.

ಅವನು ಹೋದ ಮೂರನೇ ವರ್ಷ
ನರ್ಸರಿಯ ಬೊಳ್ಳವ್ವ ಬಂದಳು,
ಕಿತ್ತಳೆಗೆ ಕಸಿ ಕಟ್ಟುವವಳು.
ಬ್ಲೇಡು ಹಿಡಿದು ಸಾಕಾಯಿತು ಅಯ್ಯಣ್ಣ,
ಸೊಂಟದಲ್ಲಿಟ್ಟರೆ ಚುಚ್ಚಬಾರದು,
ಒಂದೇ ಎಳೆತಕ್ಕೆ ಮೊಗ್ಗು ಏಳಬೇಕು,
ಅಂಥದ್ದೊಂದು ಮಾಡಿಕೊಡು.
ಹ್ಞೂಂ ಅಂದೆ,
ಅಪ್ಪನ ಸುತ್ತಿಗೆಯ ಕಡೆ ನೋಡದೆ.

ಗುಜರಿಗೆ ಬಿದ್ದ ಜೀಪೊಂದರ ಸ್ಪ್ರಿಂಗ್ ಪ್ಲೇಟು ತಂದೆ.
ಸಿದ್ದಾಪುರದ ಏರಿನಲ್ಲಿ ಮೂವತ್ತು ವರ್ಷ
ಕಾಫಿಮೂಟೆ, ಹಂದಿಮರಿ, ದಿಬ್ಬಣದ ಹೆಂಗಸರು,
ಎಲ್ಲರಿಗೂ ಬಾಗಿ ಮತ್ತೆ ನೆಟ್ಟಗಾದದ್ದು.
ಬಾಗಿ ಗೊತ್ತಿರುವ ಉಕ್ಕೇ ಆಗಬೇಕು
ಮಡಿಚುವ ಕೆಲಸಕ್ಕೆ.

ಹಿತ್ತಾಳೆ ಮನೆಯಲ್ಲೇ ಇತ್ತು,
ಡಬ್ಬಿಯಲ್ಲಿ ಕೂಡಿಟ್ಟ ತೋಟಾಗಳ ಬುಡ:
ಹುಟ್ಟಿಗೆ ಹಾರಿಸಿದ ಒಂದೊಂದು,
ಸಾವಿಗೆ ಹಾರಿಸಿದ ಎರಡೆರಡು.
ಯಾವುದು ಯಾವುದೆಂದು ಬರೆದಿಟ್ಟವರಿಲ್ಲ.
ಮೂಸೆಯಲ್ಲಿ ಎಲ್ಲಕ್ಕೂ ಅದೇ ಹಸಿರು ನಾಲಿಗೆ.

ಹಿಡಿಗೆಂದು ಸತ್ತ ಅರೇಬಿಕಾದ ಬುಡ ಕೊಯ್ದರೆ
ಒಳಗೆ ಕಾಂಡಕೊರಕ ನಡೆದ ಸುರಂಗ,
ನನ್ನ ಬೈರಿಗೆ ಕೊರೆದದ್ದಕ್ಕಿಂತ ನುಣುಪು.
ಅರಗು ತುಂಬಿ ಹಾಗೇ ಬಿಟ್ಟೆ.
ಕೆಲಸ ಬಲ್ಲವನ ಗುರುತು, ಇರಲಿ.

ಕಷ್ಟ ಬೆಂಕಿಯದಲ್ಲ.
ಅಯಸ್ಕಾಂತ ಹಿಡಿಯದಷ್ಟು ಕೆಂಪಾದಾಗ ಎಣ್ಣೆಗೆ ಅದ್ದು,
ಮತ್ತೆ ಕಾಯಿಸು, ಒಣಹುಲ್ಲಿನ ಬಣ್ಣ ಬಂದ ಕ್ಷಣ ತೆಗೆ.
ಅಷ್ಟು ಅಪ್ಪನೇ ಕಲಿಸಿದ್ದ.
ಕಷ್ಟ ಆ ಮೊಳೆ.
ಇಡೀ ಚಾಕು ನಿಂತಿರುವುದು
ಭತ್ತದ ಕಾಳಿನಷ್ಟು ದಪ್ಪದ ಒಂದು ಮೊಳೆಯ ಮೇಲೆ;
ಒಂದು ಪೆಟ್ಟು ಹೆಚ್ಚಾದರೆ ಅಲಗು ತೆರೆಯದು,
ಕಡಿಮೆಯಾದರೆ ಕುಡುಕನ ತಲೆಯಂತೆ ತೂಗುತ್ತದೆ.
ಹನ್ನೊಂದು ಸಲ ಬಿಚ್ಚಿದೆ.
ಹನ್ನೆರಡನೆಯ ಸಲ, ರಾತ್ರಿ, ಕರೆಂಟು ಹೋಗಿ,
ಕತ್ತಲಲ್ಲೇ ಮಡಿಚಿದೆ:
ಟಕ್.

ಅಲಗು ತನ್ನೊಳಗೆ ತಾನೇ ಹೋಗಿ ಮಲಗಿದ ಸದ್ದು.
ಅಪ್ಪನ ಕತ್ತಿಗಳಿಗೆ ಒರೆ ಬೇರೆ, ಕತ್ತಿ ಬೇರೆ;
ಒರೆ ಕಳೆದುಕೊಂಡು ಬಂದವರನ್ನು ಎಷ್ಟು ಕಂಡಿಲ್ಲ!
ಇದಕ್ಕೆ ಒರೆಯೂ ತಾನೇ.
ಇನ್ನೊಮ್ಮೆ ತೆರೆದೆ. ಇನ್ನೊಮ್ಮೆ ಮಡಿಚಿದೆ.
ನಿದ್ದೆ ಬರುವವರೆಗೂ.

ಬೊಳ್ಳವ್ವ ಬಂದಳು.
ಉಗುರಿಗೆ ಬಿಟ್ಟ ಗೀರು ಹುಡುಕಿದಳು, ಸ್ವಲ್ಪ ಹೊತ್ತು.
ಬಾಗಿಲ ಬಳಿಯ ನಿಂಬೆಗಿಡದ ಟೊಂಗೆ ಹಿಡಿದು ಎಳೆದಳು.
ಕಡಿತ ಸಪಾಟಾಗಲಿಲ್ಲ, ಚಮಚದಂತೆ ಗುಳಿಬಿತ್ತು.
ಮತ್ತೆ ಎಳೆದಳು. ಮತ್ತೊಂದು ಗುಳಿ.
ಆಗ ನೋಡಿದೆ,
ಚಾಕು ಅವಳ ಎಡಗೈಯಲ್ಲಿತ್ತು.

ಕಸಿಚಾಕುವಿಗೆ ಒಂದು ಮೈ ಚಪ್ಪಟೆ,
ಇನ್ನೊಂದು ಮೈಗೆ ಮಾತ್ರ ಓರೆ.
ನಾನು ಓರೆ ಹಿಡಿದದ್ದು ನನ್ನ ಕೈಗೆ.
ಬೊಳ್ಳವ್ವನ ಚಾಕು, ಬೊಳ್ಳವ್ವನ ಚಾಕು ಎನ್ನುತ್ತ
ಎರಡು ತಿಂಗಳು
ನನ್ನ ಬಲಗೈಯನ್ನೇ ಅರೆದು ಅರೆದು ನುಣುಪು ಮಾಡಿದ್ದೆ.

ಅವಳು ಬೈಯಲಿಲ್ಲ.
ಕುಡುಗೋಲೂ ಹೀಗೇ, ಕತ್ತರಿಯೂ ಹೀಗೇ ಅಂದಳು,
ಎಲ್ಲ ನಿಮ್ಮ ಕೈಯವೇ.
ಮಡಿಚಿ ಅಡಿಗಲ್ಲಿನ ಮೇಲಿಟ್ಟಳು.
ಆ ಟಕ್ ಈಗ ಬೇರೆಯಾಗಿ ಕೇಳಿಸಿತು.

ಕೊಡೆಯಾಗಿದ್ದರೆ ಸರಿಹೋಗುತ್ತಿತ್ತು ಅಪ್ಪಾ,
ಕೊಡೆಗೆ ಯಾವ ಕೈಯಾದರೂ ಒಂದೇ.

ಪ್ಲೇಟಿನ ಉಳಿದ ತುಂಡು ಇವತ್ತು ಬೆಂಕಿಯಲ್ಲಿದೆ.
ಅರವನ್ನು ಎಡಗೈಯಲ್ಲಿ ಹಿಡಿದು ನೋಡಿದೆ;
ಜಾರಿತು, ಹೆಬ್ಬೆರಳ ಚರ್ಮ ಹೋಯಿತು.
ಮೊದಲ ಚಾಕು ಜೇಬಿನಲ್ಲಿದೆ,
ಅಡಿಕೆ ಹೆಚ್ಚಲು ಆಗುತ್ತದೆ.
ಎರಡನೆಯದಕ್ಕೆ ಓರೆ ಇನ್ನೂ ಹಿಡಿದಿಲ್ಲ.
ಭಾನುವಾರ ಅವಳಿಗೆ ರಜೆ,
ಬರಲಿ. ಎದುರಿಗೆ ಕೂರಿಸಿಕೊಂಡೇ ಹಿಡಿಯುತ್ತೇನೆ.