ಖಾಲಿ ಮನೆ

ಚಾಂದ್‌ಪುರದ ಆಫೀಸಿನಲ್ಲಿ, ಫ್ಯಾನೂ ತೂಕಡಿಸುವ ಮಧ್ಯಾಹ್ನ,
ನಾನು ಬರೆದ ನಿಯಮ ಎರಡೇ ಸಾಲು:
ಐವತ್ತು ದಾಟಿದರೆ ಕೆಂಪು,
ಐವತ್ತರೊಳಗಿದ್ದರೆ ಹಸಿರು.
ಒಂದು ಕ್ಲಿಕ್ಕು.
ಸಾವಿರದ ಇನ್ನೂರು ಕೊಳವೆಬಾವಿಗಳು
ಒಮ್ಮೆಲೇ ಬಣ್ಣ ಹೊದ್ದು ಕೂತವು.

ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ.
ಅದಕ್ಕೇ ನಾವು ಕಡ ಕೊಡುತ್ತೇವೆ, ಬಣ್ಣ.

ಪಟ್ಟಿ ಮುದ್ರಿಸಿ ಕೊಟ್ಟರೆ ತೊಫಜ್ಜಲ್ ಕಾಕಾ
ಸೈಕಲ್ಲಿನ ಹ್ಯಾಂಡಲ್ಲಿಗೆ ಎರಡು ಡಬ್ಬಿ ನೇತುಹಾಕಿ ಹೊರಡುತ್ತಾನೆ.
ಓದು ಬಾರದು ಅವನಿಗೆ, ಬಣ್ಣ ಬರುತ್ತದೆ.
ಬೆಳಿಗ್ಗೆ ಪರದೆಯ ಮೇಲಿದ್ದದ್ದು
ಸಂಜೆಯೊಳಗೆ ಪಂಪಿನ ಮೂತಿಯ ಮೇಲೆ.

ಸಾಲು ೨೧೧: ಮೊರ್ಜಿನಾ. ನಲವತ್ತೊಂಬತ್ತು. ಹಸಿರು.
ಸಾಲು ೨೧೨: ಅವಳ ಓರಗಿತ್ತಿ ಕೊಹಿನೂರ್. ಐವತ್ತೊಂದು. ಕೆಂಪು.
ನಡುವೆ ಒಂದು ಬಾಳೆಗಿಡ, ಒಣಹಾಕಿದ ಸೀರೆ,
ಎರಡು ಅಂಕಿ.
ಅಂದಿನಿಂದ ಕೊಹಿನೂರಳ ಕೊಡ
ಮೊರ್ಜಿನಾಳ ಅಂಗಳದಲ್ಲಿ ಕೊನೆಯ ಸರದಿಗೆ ಕಾಯುತ್ತದೆ.
ಅವಳ ಮಗಳನ್ನು ನೋಡಲು ಬಂದವರು
ಮೊದಲು ಪಂಪಿನ ಮೂತಿ ನೋಡಿದರಂತೆ,
ಚಹಾ ಮುಟ್ಟದೆ ಎದ್ದರಂತೆ.

ಬೇಸರಕ್ಕೊಮ್ಮೆ ನಿಯಮದ ಐವತ್ತನ್ನು ಅಳಿಸಿ
ದೊಡ್ಡ ವೈದ್ಯರು ಹೇಳುವ ಹತ್ತು ಹಾಕಿ ನೋಡಿದೆ.
ಹಾಳೆ ಹೊತ್ತಿ ಉರಿಯಿತು.
ಬೆಚ್ಚಿ, ಮತ್ತೆ ಐವತ್ತೇ ಹಾಕಿದೆ.
ನೀರು ಮಾತ್ರ ಇದ್ದಲ್ಲೇ ಇತ್ತು.

ಆದರೆ ಹೇಳಬೇಕೆಂದದ್ದು ಸಾಲು ೬೩೮ರ ಮಾತು.
ಹೆಸರಿದೆ: ಆಯ್ನಾಲ್ ಮಾಝಿ, ದೋಣಿಯವನು.
ಕೊಳವೆಯ ಆಳವೂ ಇದೆ. ಅಂಕಿಯ ಮನೆ ಖಾಲಿ.
ಆ ದಿನ ಮೇಘನಾ ಮುನಿದು
ಪರೀಕ್ಷೆಯವರು ಅರ್ಧ ಹೊಳೆಯಿಂದಲೇ ಮರಳಿದ್ದರು.
ಖಾಲಿಯನ್ನು ಯಂತ್ರ ಸೊನ್ನೆಯೆಂದು ಓದಿತು.
ಸೊನ್ನೆ, ಐವತ್ತಕ್ಕಿಂತ ಕಡಿಮೆ.
ಕಡಿಮೆಯೆಂದರೆ ಹಸಿರು.
'ಗೊತ್ತಿಲ್ಲ' ಎಂಬುದಕ್ಕೆ
ನಾನು ಬಣ್ಣವನ್ನೇ ಇಟ್ಟಿರಲಿಲ್ಲ.

ಹುಡುಕಿದರೆ ಅಂಥವು ಹದಿನೇಳು.
ಹದಿನೇಳು ಹಸಿರು ಮೂತಿ, ಎರಡು ತಿಂಗಳ ನೀರು.
ಮೂರನೆಯ ನಿಯಮ ಬರೆದೆ: ಖಾಲಿಯಿದ್ದರೆ ಬೂದು.
ಅದನ್ನು ಎಳೆದು ಎಲ್ಲಕ್ಕಿಂತ ಮೇಲೆ ಕೂರಿಸಿದೆ.
ಪರದೆ ಕ್ಷಣದಲ್ಲಿ ತಪ್ಪೊಪ್ಪಿಕೊಂಡಿತು.
ಊರಿಗೆ ಹಾಗೆ ಬರುವುದಿಲ್ಲ. ಎನಾಮೆಲ್ ಪೇಂಟು,
ಕಬ್ಬಿಣವನ್ನು ಕಚ್ಚಿ ಹಿಡಿದಿರುತ್ತದೆ.

ಮರುದಿನ ಕಿಟ್ಟಿನ ಚೀಲ ಹೆಗಲಿಗೇರಿಸಿ ಹೊಳೆ ದಾಟಿದೆ.
ಆಯ್ನಾಲನ ಸೊಸೆ ಅಕ್ಕಿ ತೊಳೆಯುತ್ತಿದ್ದವಳು
ಕೈ ಒರೆಸಿಕೊಂಡು ಲೋಟ ತುಂಬಿದಳು:
"ಕುಡೀರಿ ದಿಲ್‌ರುಬಾ ಆಪಾ, ನಮ್ಮದು ಹಸಿರೇ."
ಬಿಸಿಲು ನೆತ್ತಿಗೇರಿತ್ತು. ಲೋಟ ಬೆವರುತ್ತಿತ್ತು.

ಅದನ್ನು ಒಂದು ಕೈಯಲ್ಲಿ ಹಿಡಿದೇ
ಬಾಟಲಿಯ ಬಾಯಿಗೆ ಕಾಗದದ ಚೂರು ಸಿಕ್ಕಿಸಿದೆ.
ಅದು ಬಣ್ಣ ತಿರುಗಲು, ಇಲ್ಲವೇ ತಿರುಗದಿರಲು,
ಇಪ್ಪತ್ತು ನಿಮಿಷ.
ಇಲ್ಲಿ ನಿಯಮ ನನ್ನದಲ್ಲ.
ಮೂಗು ಸೋರುವ ಹುಡುಗನೊಬ್ಬ ಪಕ್ಕದಲ್ಲಿ ಕುಕ್ಕರಿಸಿ
"ಯಾವುದು ಬರುತ್ತೆ?" ಅಂದ,
ಪಂದ್ಯ ನೋಡುವವನ ಹಾಗೆ.

ಹನ್ನೊಂದನೆಯ ನಿಮಿಷ.
ಕಾಗದ ಇನ್ನೂ ಬಿಳಿ.
ಲೋಟ ಇನ್ನೂ ತುಂಬಿದೆ.