ದುಭಾಷಿಗೆ ಇಪ್ಪತ್ತು ರಿಯಾಲ್

ಇಬ್ರಿಯ ಕೋರ್ಟಿನಲ್ಲಿ ಏಸಿ ಬಲು ಜೋರು.
ಕಂಕುಳಲ್ಲಿ ಕೈ ತುರುಕಿಕೊಂಡು ನಿಂತಿದ್ದಾನೆ ಹುಲುಗಪ್ಪ,
ಕಾರಟಗಿ ಕಡೆಯವನು.
ಒಂಬತ್ತು ತಿಂಗಳು ಆಡಿನ ದೊಡ್ಡಿ, ಎರಡು ತಿಂಗಳ ಸಂಬಳ.
ನಾನು ಶಿರೂರಿನವ, ಪೇಟೆಯಲ್ಲಿ ಟೈಪಿಂಗ್ ಅಂಗಡಿ.
ಮನೆಮಾತು ಬೇರೆ, ಕನ್ನಡ ಶಾಲೆಯದು;
ಬೇರೆ ಯಾರೂ ಸಿಗದೆ ನನ್ನನ್ನು ಹಿಡಿದು ತಂದರು.

ಕಾಗದದಲ್ಲಿ ಎರಡು ಆರೋಪ:
ಧಣಿಯಿಂದ ತಪ್ಪಿಸಿಕೊಂಡದ್ದು,
ಧಣಿಯ ನೀರಿನ ಕ್ಯಾನು, ಐದು ಲೀಟರಿನದು, ಕದ್ದದ್ದು.
ತುಂಬಿತ್ತೋ ಖಾಲಿಯಿತ್ತೋ ಬರೆದಿಲ್ಲ.

ನ್ಯಾಯಾಧೀಶರು ಕೆಟ್ಟವರಲ್ಲ.
ಕನ್ನಡಕ ತೆಗೆದು ಅವನ ಒಡೆದ ತುಟಿ ನೋಡಿ
ಮೊದಲು ನೀರು ಕೊಡಿಸಿದರು.
ಆ ನೀರು ಯಾರದೆಂದು ಯಾರೂ ಕೇಳಲಿಲ್ಲ.

ತಪ್ಪಿಸಿಕೊಂಡೆಯಾ?
"ಇಲ್ರೀ. ತಪ್ಪಿಸ್ಕೊಂಡಿದ್ದು ಆಡು. ಗಬ್ಬದ ಆಡು.
ಅದರ ಬೆನ್ನತ್ತಿ ಹೋದೆ, ದಾರಿ ತಪ್ತು. ಮೂರು ದಿನ.
ನೀರು ನಾನಷ್ಟು ಕುಡಿದೆ, ಸಿಕ್ಕಮ್ಯಾಲೆ ಅದಕಷ್ಟು ಕುಡಿಸಿದೆ."

ಆ ಚಳಿಯಲ್ಲೂ ಬೆವರುತ್ತ ವಿಂಗಡಿಸಿದೆ.
ನಮ್ಮಲ್ಲಿ ಬಸ್ಸು ತಪ್ಪುತ್ತದೆ, ತಾಳ ತಪ್ಪುತ್ತದೆ,
ಮಾತಿಗೆ ತಪ್ಪಿದವನೂ ಇದ್ದಾನೆ,
ತಿಂಗಳು ತಪ್ಪದೆ ಹಣ ಕಳಿಸಬೇಕಾದವನೂ.
ಒಂದೇ ಗೂಟಕ್ಕೆ ಕಟ್ಟಿದ ಇಷ್ಟರಲ್ಲಿ
ಅಪರಾಧ ಯಾವುದೆಂದು ಅರಬ್ಬಿಯಲ್ಲಿ ಹೇಗೆ ಹೇಳಲಿ?
ಆದರೂ ಅವರು ತಲೆದೂಗುತ್ತ ಬರೆದುಕೊಳ್ಳುತ್ತಿದ್ದರು.
ಪೆನ್ನಿನ ಮುಚ್ಚಳ ಮುಚ್ಚುವುದರಲ್ಲಿದ್ದರು.

ಆಗ ಹುಲುಗಪ್ಪ ಒಂದು ಹೆಜ್ಜೆ ಮುಂದೆ ಬಂದ,
ಎರಡೂ ಕೆನ್ನೆ ಮುಟ್ಟಿಕೊಂಡ:
"ತಪ್ಪಾತ್ರೀ ಯಪ್ಪಾ."

ಪುಸ್ತಕಕ್ಕೆ ಕಾಲು ತಾಗಿದರೂ ಅನ್ನುತ್ತೇವೆ ಇದನ್ನು.
ಕೊಟ್ಟ ಸಾಲ ವಾಪಸು ಕೇಳುವವನೂ ಅನ್ನುತ್ತಾನೆ.
ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿದಂತೆ, ಅಷ್ಟೆ.

"ಏನೆಂದ?"
ಗುಮಾಸ್ತನ ಬೆರಳು ಕೀಲಿಯ ಮೇಲೆ.
ಒಂದಕ್ಷರ ಕೂಡಿಸೆ, ಒಂದಕ್ಷರ ಕಳೆಯೆ ಎಂದು
ಬೆಳಿಗ್ಗೆ ಕಿತಾಬಿನ ಮೇಲೆ ಕೈಯಿಟ್ಟವ ನಾನು.
ಕೂಡಿಸಲಿಲ್ಲ. ಕಳೆಯಲಿಲ್ಲ.
"ತಪ್ಪಾಯಿತು ಎನ್ನುತ್ತಾನೆ."

ಕೀಲಿ ಟಕಟಕ ಅಂದಿತು.
ಒಂದು ತಿಂಗಳು, ಆಮೇಲೆ ಗಡೀಪಾರು.
ಆಡು ದೊಡ್ಡಿ ಸೇರಿ ಎರಡು ಮರಿ ಹಾಕಿದೆಯಂತೆ,
ಪೊಲೀಸನೊಬ್ಬ ಹೊರಗೆ ಹೇಳಿದ.

ರಸೀದಿಗೆ ಸಹಿ ಹಾಕಿ ಇಪ್ಪತ್ತು ರಿಯಾಲ್ ಎಣಿಸಿಕೊಳ್ಳುವಾಗ
ಅವನನ್ನು ಕರೆತಂದರು.
ದಾರಿ ಬಿಡಲು ಹಿಂದೆ ಸರಿದೆ,
ನನ್ನ ಬೂಟು ಅವನ ಬರಿಗಾಲು ಮೆಟ್ಟಿತು.
ತಪ್ಪಾಯ್ತು, ಅಂದೆ.
ಯಾರೂ ಬರೆದುಕೊಳ್ಳಲಿಲ್ಲ.